ಪದವಿಯಲ್ಲಿರುವಾಗಲೇ ಎಂ.ಎಸ್ಸಿ. ಪಾಠ ತೆಗೆದುಕೊಳ್ಳುವವರು ತಿಳಿದಿರಬೇಕಾದ ನಿಯಮಗಳು

ಬಿ.ಎಸ್ಸಿ. ಐದನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ತರಗತಿಯ ಪಾಠ ಸಾಲದೆನ್ನಿಸಿದ ಒಬ್ಬಿಬ್ಬರು ವಿದ್ಯಾರ್ಥಿಗಳು ಪ್ರತಿ ವರ್ಷವೂ ನನ್ನ ಬಳಿ ಬಂದು, ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ನಡೆಯುವ ಸ್ನಾತಕೋತ್ತರ ತರಗತಿಗೆ ಈಗಲೇ ಹೋಗಬಹುದೇ ಎಂದು ಕೇಳುತ್ತಾರೆ. ಕುಳಿತು ಪಾಠ ಕೇಳುವುದು ಬೇರೆ, ಅದರ ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಅಂಶ, ಪಡೆಯುವುದು ಬೇರೆ. ಕೇಳುವುದಷ್ಟೇ ಉದ್ದೇಶವಾಗಿದ್ದರೆ ಪಾಠ ಮಾಡುವ ಅಧ್ಯಾಪಕರನ್ನೂ ವಿಭಾಗದ ಮುಖ್ಯಸ್ಥರನ್ನೂ ಮೊದಲೇ ಕಂಡು ಒಪ್ಪಿಗೆ ಕೇಳಿ; ನಿಮ್ಮ ಕಾಲೇಜಿನ ಹಾಜರಾತಿಗೆ ಮಾತ್ರ ಕುತ್ತು ಬರದಿರಲಿ.

ಕ್ರೆಡಿಟ್ ಬೇಕೆಂದಾದರೆ ಮೊದಲು ಪಾಠದ ಮಟ್ಟವನ್ನು ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ 300ರ ಸರಣಿಯು ಪದವಿಯ ಮೇಲ್ಮಟ್ಟದ ಪಾಠಗಳಿಗೆ, 400ರದು ಆನರ್ಸ್ ಮಟ್ಟದವುಗಳಿಗೆ, 500ರದು ಸ್ನಾತಕೋತ್ತರ ಮೊದಲ ವರ್ಷಕ್ಕೆ ಮೀಸಲು. ನಮ್ಮ ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ, ಈ ಸಾಹಸಕ್ಕೆ ಇಳಿಯುವವರು ನಡುವಿನ 400ರ ಮೆಟ್ಟಿಲನ್ನು ತಾವೇ ಓದಿಕೊಂಡು ಹತ್ತಬೇಕಾಗುತ್ತದೆ. ಗಣಿತವನ್ನೇ ನೋಡಿ: ರೇಖೀಯ ಬೀಜಗಣಿತ ಗಟ್ಟಿಯಾಗದೆ ಎಂ.ಎಸ್ಸಿ.ಯ ಫಂಕ್ಷನಲ್ ಅನಾಲಿಸಿಸ್‌ಗೆ ಕೈಹಾಕಿದರೆ ಮೂರನೆಯ ವಾರದಲ್ಲೇ ದಾರಿ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಲಿಖಿತ ಅನುಮತಿ. ಹೊಳಲ್ಕೆರೆ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಬಾಯಿಮಾತಿನ ಒಪ್ಪಿಗೆಯನ್ನೇ ನಂಬಿ ಒಂದು ಸೆಮಿಸ್ಟರ್ ಪೂರ್ತಿ ದುಡಿದಳು. ಒಪ್ಪಿದ್ದವರು ಅಷ್ಟರಲ್ಲಿ ವರ್ಗವಾಗಿದ್ದರು, ಅಂಕಪಟ್ಟಿಯಲ್ಲಿ ಆ ಪಾಠಕ್ಕೆ ಜಾಗವೇ ಇರಲಿಲ್ಲ. ಅವಳ ಶ್ರಮ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಆದ್ದರಿಂದ ಪ್ರಾಂಶುಪಾಲರ ಮುಖಾಂತರ ಕುಲಸಚಿವರಿಗೆ ಮನವಿ ಬರೆದು, ಈ ಪಾಠ ನನ್ನ ಪದವಿಯ ಯಾವ ಪತ್ರಿಕೆಯ ಬದಲಿಗೆ ನಿಲ್ಲುತ್ತದೆ, ಎಷ್ಟು ಕ್ರೆಡಿಟ್, ಪರೀಕ್ಷೆ ಯಾರು ನಡೆಸುತ್ತಾರೆ ಎಂಬ ಮೂರನ್ನೂ ಸ್ಪಷ್ಟವಾಗಿ ಕೇಳಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಉತ್ತರ ಕೈಸೇರಿದ ಮೇಲೆಯೇ ಹೆಸರು ನೋಂದಾಯಿಸಿ.

ಒಂದೇ ಕ್ರೆಡಿಟ್ಟನ್ನು ಎರಡು ಕಡೆ ಬಳಸಲು ಬರುವುದಿಲ್ಲ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 2021ರ ನಿಯಮದಂತೆ, ಪದವಿಗೆ ಬಳಸಿದ ಕ್ರೆಡಿಟ್ ಆ ಖಾತೆಯಿಂದ ಕಡಿತವಾಗುತ್ತದೆ, ಮುಂದೆ ಎಂ.ಎಸ್ಸಿ.ಯಲ್ಲಿ ಅದನ್ನೇ ತೋರಿಸಲಾಗದು. ಪದವಿಗೆ ಬೇಕಾದ ಕ್ರೆಡಿಟ್ ಬೇರೆ ಪಾಠಗಳಿಂದಲೇ ತುಂಬುವಂತಿದ್ದರೆ ಇದನ್ನು ಎಂ.ಎಸ್ಸಿ.ಗೆಂದು ಉಳಿಸಿಕೊಳ್ಳುವುದು ಜಾಣತನ.

ಹಿರಿಯೂರು, ಮೊಳಕಾಲ್ಮೂರಿನಂಥ ಊರುಗಳಿಂದ ದಿನವೂ ಓಡಾಡಲಾಗದವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯಲ್ಲಿ ಐಐಟಿ ಮೊದಲಾದ ಸಂಸ್ಥೆಗಳು ನಡೆಸುವ ಎನ್‌ಪಿಟೆಲ್ ಪಾಠಗಳಿವೆ. ಪಾಠ ಪದವಿಯದೋ ಸ್ನಾತಕೋತ್ತರದ್ದೋ ಎಂಬುದನ್ನು ಅಲ್ಲೇ ನಮೂದಿಸಿರುತ್ತಾರೆ. 12 ವಾರಗಳ ಪಾಠದಲ್ಲಿ ಆಗಾಗ ಕೊಡುವ ಅಸೈನ್‌ಮೆಂಟ್‌ಗಳಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ; ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಮಾತ್ರ ಪ್ರಮಾಣಪತ್ರ. ಸೆಮಿಸ್ಟರಿನ ಶೇ. 40ರಷ್ಟು ಪಾಠಗಳನ್ನು ಹೀಗೆ ಪಡೆಯಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿದ್ದರೂ, ಯಾವ ಪಾಠವನ್ನು ಒಪ್ಪಬೇಕೆಂಬುದು ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಹಾಗಾಗಿ ಪರೀಕ್ಷಾ ಶುಲ್ಕ ಕಟ್ಟುವ ಮೊದಲು ಇಲ್ಲಿಯೂ ಅದೇ ಮನವಿ, ಅದೇ ಮೊಹರು ಬೇಕು.