ವರ್ಷ ಮೊದಲೇ ಬುಕ್ ಮಾಡಿದ ಕ್ರೂಸ್: ಒಂದು ಕ್ಯಾಬಿನ್ ರದ್ದು, ಇನ್ನೊಂದರಲ್ಲಿ ಹೆಸರು ಬದಲು

ಅಪ್ಪನ ಷಷ್ಟಿಪೂರ್ತಿಯ ನೆಪದಲ್ಲಿ ಮನೆಯವರೆಲ್ಲ ಸೇರಿ ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್ ನೋಡಿಕೊಂಡು ಬರುವ ಹಡಗಿನಲ್ಲಿ ಮೂರು ಕ್ಯಾಬಿನ್ ಬುಕ್ ಮಾಡಿದ್ದೆವು. ಒಂದು ಅಪ್ಪ ಅಮ್ಮನಿಗೆ, ಒಂದು ನನಗೂ ನಮ್ಮವರಿಗೂ, ಇನ್ನೊಂದು ತಮ್ಮನಿಗೂ ಅವನ ಹೆಂಡತಿಗೂ. ಹೊರಡಲು ವರ್ಷಕ್ಕೂ ಜಾಸ್ತಿ ಸಮಯವಿತ್ತು. ಅಷ್ಟು ಮುಂಚೆ ಮಾಡಿದರೆ ಅಕ್ಕಪಕ್ಕದ ಕ್ಯಾಬಿನ್ ಸಿಗುತ್ತದೆ, ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ವರ್ಷದಲ್ಲಿ ಮನೆಯೊಳಗೆ ಎಷ್ಟೋ ಬದಲಾಗುತ್ತದೆ ಅಲ್ವಾ? ತಮ್ಮನ ಹೆಂಡತಿ ಬಸುರಿಯಾದಳು. ನಮ್ಮವರಿಗೆ ಅದೇ ವಾರ ಆಫೀಸಿನಲ್ಲಿ ಆಡಿಟ್ ಬಂತು. ಕೊನೆಗೆ ಒಂದು ಕ್ಯಾಬಿನ್ ಪೂರ್ತಿ ರದ್ದಾಯಿತು, ಇನ್ನೊಂದರಲ್ಲಿ ಹೆಸರು ಬದಲಾಯಿತು. ಬೆಂಗಳೂರಿನಲ್ಲಿ ಕೂತು ಎರಡನ್ನೂ ಮಾಡಿಸಿದವಳು ನಾನು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಬಸುರಿಯ ವಿಷಯ. ಇದು ತುಂಬ ಜನರಿಗೆ ಗೊತ್ತಿಲ್ಲ. ವಿಮಾನದವರು ಏಳು ತಿಂಗಳವರೆಗೂ ಹತ್ತಿಸಿಕೊಳ್ಳುತ್ತಾರೆ. ಹಡಗಿನವರು ಹಾಗಲ್ಲ. ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಪ್ರಯಾಣದ ಯಾವುದೇ ದಿನ 24ನೇ ವಾರಕ್ಕೆ ಕಾಲಿಟ್ಟರೂ ಹತ್ತಿಸುವುದಿಲ್ಲ. ಹೊರಡುವ ದಿನವನ್ನು ಮಾತ್ರ ಲೆಕ್ಕ ಹಾಕಿದರೆ ಸಾಲದು, ಇಳಿಯುವ ದಿನವನ್ನೂ ಸೇರಿಸಬೇಕು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ದಿನ ತುಂಬದೆ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರುವುದಿಲ್ಲ. ನಡುಕಡಲಿನಲ್ಲಿ ಏನಾದರೂ ಆದರೆ ಯಾರು ಹೊಣೆ? ಈ ನಿಯಮ ಸರಿಯಾಗಿಯೇ ಇದೆ ಅಂತ ನನಗನಿಸುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನ ದಿನಾಂಕ ಹಿಡಿದು ಕ್ಯಾಲೆಂಡರಿನಲ್ಲಿ ವಾರ ಎಣಿಸಿದಾಗ ಅವಳದು 24 ದಾಟಿಬಿಡುತ್ತಿತ್ತು. ಅವಳು ಬರುವ ಹಾಗಿರಲಿಲ್ಲ. ಅವಳನ್ನು ಬಿಟ್ಟು ತಮ್ಮ ಬರುವವನಲ್ಲ.

ಈ ಮಾತು ಕೇಳಿದ್ದೇ ತಡ, ಚಿಕ್ಕಪ್ಪ ಫೋನ್ ಮಾಡಿ, "ರದ್ದು ಯಾಕೆ ಮಾಡ್ತೀಯಮ್ಮ? ಆ ಕ್ಯಾಬಿನ್ ನನಗೂ ನಿನ್ನ ಚಿಕ್ಕಮ್ಮನಿಗೂ ಕೊಡು, ದುಡ್ಡು ನಾನು ಕೊಡ್ತೀನಿ" ಅಂದರು. ಅದು ಆಗುವುದಿಲ್ಲ. ಒಂದು ಬುಕಿಂಗಿನಲ್ಲಿ ಮೊದಲು ಇದ್ದವರಲ್ಲಿ ಒಬ್ಬರಾದರೂ ಉಳಿದರೆ ಮಾತ್ರ ಇನ್ನೊಬ್ಬರ ಹೆಸರು ಬದಲಿಸಲು ಹೆಚ್ಚಿನ ಕಂಪನಿಗಳು ಒಪ್ಪುತ್ತವೆ. ಇಬ್ಬರೂ ಬದಲಾದರೆ ಅದು ಹಳೆಯದು ರದ್ದಾಗಿ ಹೊಸ ಬುಕಿಂಗ್ ಆದ ಹಾಗೆ. ಆಗ ಇವತ್ತಿನ ದರ ಕೊಡಬೇಕು. ಇವತ್ತಿನ ದರ ಕೇಳಿ ಚಿಕ್ಕಪ್ಪ ಹಿಂದೆ ಸರಿದರು. ಆದರೆ ನನ್ನ ಕ್ಯಾಬಿನ್‌ನಲ್ಲಿ ನಾನು ಉಳಿಯುತ್ತೇನಲ್ಲ! ನಮ್ಮವರ ಜಾಗಕ್ಕೆ ಚಿಕ್ಕಮ್ಮನ ಹೆಸರು ಸೇರಿಸಬಹುದಿತ್ತು. "ಅವಳಾದರೂ ಹೋಗಿ ಬರಲಿ" ಅಂತ ಚಿಕ್ಕಪ್ಪನೇ ಹೇಳಿದರು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಇಬ್ಬರಿರುವ ಕ್ಯಾಬಿನ್‌ನಿಂದ ಒಬ್ಬರ ಹೆಸರು ಸುಮ್ನೆ ತೆಗೆಸಬೇಡಿ. ಕ್ಯಾಬಿನ್ ದರ ನಿಂತಿರುವುದೇ ಇಬ್ಬರ ಮೇಲೆ. ಒಬ್ಬರೇ ಉಳಿದರೆ ಹೆಚ್ಚುಕಡಿಮೆ ಇಬ್ಬರ ದುಡ್ಡನ್ನೂ ಅವರೇ ಕಟ್ಟಬೇಕಾಗುತ್ತದೆ. ಮೂರನೆಯವರು, ನಾಲ್ಕನೆಯವರು ಇದ್ದರೆ ಅವರಿಗಿರುವ ಕಡಿಮೆ ದರವೂ ಹೋಗಬಹುದು, ಯಾಕೆಂದರೆ ಮೊದಲಿಬ್ಬರ ಜಾಗಕ್ಕೆ ಅವರು ಬರುತ್ತಾರೆ. ತೆಗೆಸುವ ಬದಲು ಆ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವುದೇ ಲೇಸು.

ಎಲ್ಲಕ್ಕಿಂತ ಮುಖ್ಯ, ಪೂರ್ತಿ ಹಣ ಕಟ್ಟಬೇಕಾದ ಕೊನೆಯ ದಿನ. ಬುಕ್ ಮಾಡುವಾಗ ಕಟ್ಟುವುದು ಬರೀ ಅಡ್ವಾನ್ಸ್. ಬಾಕಿ ಕಟ್ಟುವ ಗಡುವು ಎಷ್ಟೋ ಕಂಪನಿಗಳಲ್ಲಿ ಹೊರಡುವುದಕ್ಕೆ 90 ದಿನದ ಆಸುಪಾಸು ಇರುತ್ತದೆ. ಮೂರು ನಾಲ್ಕು ರಾತ್ರಿಯ ಚಿಕ್ಕ ಪ್ರಯಾಣಕ್ಕೆ ಇನ್ನೂ ಕಡಿಮೆ ಇರಬಹುದು. ಆ ದಿನದ ಒಳಗೆ ರದ್ದು ಮಾಡಿದರೆ, ಅಡ್ವಾನ್ಸ್ ವಾಪಸ್ ಬರುವ ದರದಲ್ಲಿ ಬುಕ್ ಮಾಡಿದವರಿಗೆ ಅದು ಪೂರ್ತಿ ಬರುತ್ತದೆ. ಆ ದಿನ ದಾಟಿದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನಮ್ಮ ಪತ್ರದಲ್ಲಿ ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಕೊನೆಯ 30 ದಿನದಲ್ಲಿ ಪೂರ್ತಿ ದರವೇ ಹೋಗುತ್ತದೆ ಅಂತ ಇತ್ತು. ಅಡ್ವಾನ್ಸ್ ವಾಪಸ್ ಬಾರದ ಅಗ್ಗದ ದರವೂ ಇರುತ್ತದೆ. ಅದರಲ್ಲಿ ಬುಕ್ ಮಾಡಿದವರು ಗಡುವಿನ ಒಳಗೆ ರದ್ದು ಮಾಡಿದರೂ ಅಡ್ವಾನ್ಸ್ ಕೈಗೆ ಬರುವುದಿಲ್ಲ. ಕೆಲವು ಕಂಪನಿಗಳು ಸ್ವಲ್ಪ ಕಡಿತ ಮಾಡಿಕೊಂಡು ಮುಂದಿನ ಪ್ರಯಾಣಕ್ಕೆ ಜಮೆ ಕೊಡುತ್ತವೆ. ನಿಮ್ಮದು ಯಾವ ದರ ಅನ್ನುವುದು ಬುಕಿಂಗ್ ಪತ್ರದಲ್ಲೇ ಇರುತ್ತದೆ. ವರ್ಷ ಮೊದಲು ಬುಕ್ ಮಾಡುವವರು ನಾಲ್ಕು ಕಾಸು ಜಾಸ್ತಿಯಾದರೂ ವಾಪಸ್ ಬರುವ ದರವನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಗಡುವು ಯಾರ ಗಡಿಯಾರದ್ದು ಅಂತಲೂ ಕೇಳಿಕೊಳ್ಳಬೇಕು. ದೊಡ್ಡ ಕಂಪನಿಗಳಲ್ಲಿ ಹಲವು ಮಯಾಮಿಯಲ್ಲಿವೆ. ಚಳಿಗಾಲದಲ್ಲಿ ಅವರು ನಮಗಿಂತ ಹತ್ತೂವರೆ ಗಂಟೆ ಹಿಂದೆ. ನೇರವಾಗಿ ಬುಕ್ ಮಾಡಿದವರಿಗೆ ಇದರಿಂದ ಸ್ವಲ್ಪ ಪುರುಸೊತ್ತು ಸಿಗುತ್ತದೆ. ಏಜೆಂಟ್ ಮೂಲಕ ಮಾಡಿದವರಿಗೆ ಉಲ್ಟಾ. ಜಯನಗರದ ನಮ್ಮ ಏಜೆಂಟ್ ತಮ್ಮ ಗಡುವನ್ನು ಕಂಪನಿಯ ಗಡುವಿಗಿಂತ ಮುಂಚೆಯೇ ಇಟ್ಟುಕೊಂಡಿದ್ದರು, ರದ್ದು ಮಾಡಿದರೆ ತಮ್ಮ ಶುಲ್ಕ ಬೇರೆ ಅಂತಲೂ ಬರೆದಿದ್ದರು. ಎರಡೂ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ.

ತಮ್ಮ ತನ್ನ ಕ್ಯಾಬಿನ್ನನ್ನು ಕಂಪನಿಯ ವೆಬ್‌ಸೈಟಿನಲ್ಲಿ ಸ್ವಂತ ಕಾರ್ಡಿನಿಂದ ಮಾಡಿದ್ದ. ಅದನ್ನೂ ನಮ್ಮ ಏಜೆಂಟಿಗೆ ವರ್ಗಾಯಿಸಿದರೆ ಎಲ್ಲವನ್ನೂ ಅವರೇ ನೋಡಿಕೊಳ್ಳಬಹುದು ಅಂದುಕೊಂಡೆವು. ಹಾಗೆ ವರ್ಗಾಯಿಸಲು ಅವಕಾಶ ಇದೆ, ಆದರೆ ಬುಕ್ ಮಾಡಿದ ಮೇಲೆ ಇಂತಿಷ್ಟು ದಿನದ ಒಳಗೆ ಅಂತ ಕಂಪನಿಗಳು ಮಿತಿ ಹಾಕಿರುತ್ತವೆ. ಆ ಅವಧಿ ಆಗಲೇ ಮುಗಿದಿತ್ತು. ಹಾಗಾಗಿ ಅವನೇ ಫೋನ್ ಹಚ್ಚಿದ, ನಾನು ಪಕ್ಕದಲ್ಲಿ ಕೂತೆ. ಅವನು ಹೇಳಿದ ಮೊದಲ ಮಾತು, "ಈಗಲೇ ರದ್ದು ಮಾಡಬೇಡಿ. ಇವತ್ತು ಮಾಡಿದರೆ ಎಷ್ಟು ವಾಪಸ್ ಬರುತ್ತೆ ಅಂತ ಇಮೇಲಿನಲ್ಲಿ ಕಳಿಸಿ." ಈ ಒಂದು ಇಮೇಲ್ ಕೈಯಲ್ಲಿದ್ದರೆ ಆಮೇಲೆ ವಾದ ಮಾಡುವ ಪ್ರಮೇಯವೇ ಬರುವುದಿಲ್ಲ. ಅವರು ಮುಂದಿನ ವರ್ಷಕ್ಕೆ ತಳ್ಳಿಕೊಳ್ಳಿ ಅಂದರು. ಕೂಸಿಗೆ 6 ತಿಂಗಳು ತುಂಬಿದ್ದರೆ ಇಂಥ ಪ್ರಯಾಣಕ್ಕೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುತ್ತಾರೆ, ಉದ್ದದ ಸಾಗರಯಾನಕ್ಕೆ ಮಾತ್ರ 12 ತಿಂಗಳು ಬೇಕು. ಆದರೆ ಹೊಸ ದಿನಾಂಕಕ್ಕೆ ಹೊಸ ದರ. ಚೊಚ್ಚಲ ಮಗುವನ್ನು ಎತ್ತಿಕೊಂಡು ಹಡಗಿಗೆ ಹೋಗುವ ಮನಸ್ಸು ಅವಳಿಗೂ ಇರಲಿಲ್ಲ. ರದ್ದು ಮಾಡಿಸಿದೆವು.

ಅಡ್ವಾನ್ಸ್ ಡಾಲರಿನಲ್ಲಿ ಪೂರ್ತಿ ವಾಪಸ್ ಬಂತು. ರೂಪಾಯಿಯಲ್ಲಿ ಪೂರ್ತಿ ಬರಲಿಲ್ಲ. ವಿದೇಶಿ ಹಣದ ಮೇಲೆ ಬ್ಯಾಂಕುಗಳು ಹಾಕುವ ಶುಲ್ಕ ಹಲವು ಕಾರ್ಡುಗಳಲ್ಲಿ ಸುಮಾರು 3.5%, ಅದರ ಮೇಲೆ 18% ಜಿಎಸ್‌ಟಿ. ತಮ್ಮನ ಕಾರ್ಡಿನಲ್ಲಿ ಕಟ್ಟುವಾಗ ಹೋದ ಆ ಶುಲ್ಕ ವಾಪಸ್ ಬರಲಿಲ್ಲ. ಮೂಲ ಹಣವೂ ವಾಪಸ್ ಬಂದ ದಿನದ ಡಾಲರ್ ದರದಲ್ಲಿ ಬರುತ್ತದೆ. ಡಾಲರ್ ಏರಿದ್ದರೆ ಲಾಭ, ಇಳಿದಿದ್ದರೆ ನಷ್ಟ.

ಇನ್ನು ಚಿಕ್ಕಮ್ಮನ ಹೆಸರು. ಅವರ ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ. ಪಾಸ್‌ಪೋರ್ಟ್ ತೆಗೆದು ನೋಡಿದರೆ ಸರ್‌ನೇಮ್ ಅನ್ನುವ ಸಾಲು ಖಾಲಿ, ಇನಿಷಿಯಲ್ ಬಿಡಿಸಿ ಬರೆದ ಪೂರ್ತಿ ಹೆಸರು ಕೆಳಗಿನ ಸಾಲಿನಲ್ಲಿ. ನಮ್ಮ ಕಡೆ ಇದು ಮನೆಮನೆಯ ಕತೆ. ಹಡಗಿನ ಫಾರ್ಮ್ ಮಾತ್ರ ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ನಾನು ಊಹೆಯಿಂದ ತುಂಬಲಿಲ್ಲ. ಪಾಸ್‌ಪೋರ್ಟಿನ ಆ ಪುಟದ ಫೋಟೋ ಏಜೆಂಟಿಗೆ ಕಳಿಸಿ, ಹೇಗೆ ಬರೆಯಬೇಕು ಅಂತ ಕಂಪನಿಯಿಂದಲೇ ಬರೆಸಿಕೊಂಡೆ. ವಿಮಾನದ ಟಿಕೆಟ್ಟಿನಲ್ಲೂ ವೀಸಾ ಅರ್ಜಿಯಲ್ಲೂ ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯಾ ಅಂತ ಅಕ್ಷರ ಅಕ್ಷರ ತಾಳೆ ನೋಡಿದೆ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಜಾಸ್ತಿ ಉಳಿದಿದೆಯಾ ಅಂತಲೂ ಆಗಲೇ ನೋಡಿಕೊಂಡೆ.

ವಿಮಾನದ ಟಿಕೆಟ್ ಕೊಂಡಿದ್ದು ಹಡಗಿನ ಹೆಸರುಗಳು ಗಟ್ಟಿಯಾದ ಮೇಲೆ. ವಿಮಾನದ ಟಿಕೆಟ್ಟನ್ನು ಸಾಮಾನ್ಯವಾಗಿ ಬೇರೆಯವರ ಹೆಸರಿಗೆ ಮಾಡಿಕೊಡುವುದಿಲ್ಲ.

ವೀಸಾದ್ದು ಸ್ವಲ್ಪ ಇಕ್ಕಟ್ಟು. ಸಿಂಗಪುರಕ್ಕೆ ನಮಗೆ ವೀಸಾ ಬೇಕು, ಹೋಗುವ 30 ದಿನದ ಒಳಗೆ ಅರ್ಜಿ ಹಾಕಿ ಅಂತ ಅವರು ಹೇಳುತ್ತಾರೆ. ಹಡಗಿನ ದುಡ್ಡು ಅಷ್ಟರಲ್ಲಿ ಪೂರ್ತಿ ಕಟ್ಟಿ ಆಗಿರುತ್ತದೆ. ಅಂದರೆ ವೀಸಾ ಸಿಗದಿದ್ದರೆ ಆ ದುಡ್ಡು ಹೋದ ಹಾಗೆಯೇ. ಹಡಗು ಮತ್ತೆ ಸಿಂಗಪುರಕ್ಕೇ ಬರುವುದರಿಂದ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಆಗಿರಬೇಕು, ಅದನ್ನೂ ನೋಡಿಕೊಳ್ಳಿ. ಮಲೇಷ್ಯಾ 2023ರ ಡಿಸೆಂಬರಿನಿಂದ ನಮಗೆ ವೀಸಾ ಬಿಟ್ಟಿದ್ದರಿಂದ ಪೆನಾಂಗಿನ ಚಿಂತೆ ಇರಲಿಲ್ಲ. ವೀಸಾ ತಿರಸ್ಕಾರವನ್ನೂ ಸೇರಿಸಿಕೊಳ್ಳುವ ಪ್ರಯಾಣ ವಿಮೆ ಹುಡುಕಿ ಚಿಕ್ಕಮ್ಮನಿಗೆ ಮಾಡಿಸಿದೆ. ತಮ್ಮನ ಪಾಲಿಸಿಯಲ್ಲಿ ಬಸಿರಿಗೆ ಸಂಬಂಧಿಸಿದ ಯಾವುದೂ ಸೇರಿರಲಿಲ್ಲ, ಆದ್ದರಿಂದ ಅಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ.

ತೀರಾ ತಡವಾಗಿ ರದ್ದು ಮಾಡಬೇಕಾಗಿ ಬಂದವರಿಗೆ ಒಂದು ಮಾತು. ದರ ಪೂರ್ತಿ ಹೋದರೂ ಬಂದರು ಶುಲ್ಕ, ತೆರಿಗೆ, ಮುಂಗಡ ಕಟ್ಟಿದ ಟಿಪ್ಸ್ ಸಾಮಾನ್ಯವಾಗಿ ವಾಪಸ್ ಬರುತ್ತವೆ. ತಾನಾಗಿ ಬರಲಿಲ್ಲ ಅಂದರೆ ಕೇಳಿ, ಬಿಡಬೇಡಿ.

ಏಜೆಂಟ್ ಮೂಲಕ ವಿದೇಶ ಪ್ರವಾಸ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ನಾವು ಕಟ್ಟುವಾಗ 5% ಇತ್ತು. ಇದು ಏಜೆಂಟಿನ ಜೇಬಿಗೆ ಹೋಗುವ ದುಡ್ಡಲ್ಲ, ಕಟ್ಟಿದವರ ಪ್ಯಾನ್ ಮೇಲೆ ಸರ್ಕಾರಕ್ಕೆ ಹೋಗುತ್ತದೆ. ಆಮೇಲೆ ಪ್ರವಾಸ ರದ್ದಾದರೂ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣಿಸುವ ಆ ಮೊತ್ತವನ್ನು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅಪ್ಪನಿಗೆ ಕಟ್ಟಬೇಕಾದ ತೆರಿಗೆ ಏನೂ ಇರಲಿಲ್ಲ. ಹಾಗಿದ್ದರೂ ರಿಟರ್ನ್ ಸಲ್ಲಿಸಿಯೇ ಅದನ್ನು ವಾಪಸ್ ತೆಗೆದುಕೊಂಡರು.