ಕಾರು ಬಹುಕಾಲ ಬಾಳುವುದು ಬ್ರ್ಯಾಂಡಿನಿಂದಲೋ, ಆರೈಕೆಯಿಂದಲೋ?

ಯಾವ ಕಂಪನಿಯ ಕಾರು ಹೆಚ್ಚು ವರ್ಷ ಬಾಳುತ್ತದೆ ಎಂದು ಕಾರು ಕೊಳ್ಳುವ ಮುನ್ನ ಎಲ್ಲರೂ ವಿಚಾರಿಸುತ್ತಾರೆ. ಕೊಂಡ ಮೇಲೆ, ಅದನ್ನು ಬಾಳಿಸಲು ನಾನು ಏನು ಮಾಡಬೇಕು ಎಂದು ವಿಚಾರಿಸುವವರು ಅಪರೂಪ. ಕಾರು ಎಷ್ಟು ದೂರ ಓಡಬಲ್ಲದು ಎಂಬ ಎಲ್ಲೆಯನ್ನು ವಿನ್ಯಾಸ ಮತ್ತು ತಯಾರಿಕೆ ಗೊತ್ತುಮಾಡುತ್ತವೆ, ಆ ಎಲ್ಲೆಯವರೆಗೆ ಅದನ್ನು ಒಯ್ಯುವ ಕೆಲಸ ಮಾಲೀಕನದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಬ್ರ್ಯಾಂಡಿನ ವಿಚಾರ ಕೊಳ್ಳುವ ದಿನಕ್ಕೆ ಮುಗಿಯಬೇಕು. ಮರುದಿನದಿಂದ ಆರೈಕೆಯ ವಿಚಾರ ಮಾತ್ರ ಉಳಿಯಬೇಕು.

ಮೊದಲಿಗೆ ಹೆಸರಿನ ಬೆಲೆಯೆಷ್ಟು ಎಂಬುದನ್ನು ನೋಡೋಣ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ 1984ರಿಂದ ನಡೆಸಿದ ಕಾರ್ಖಾನೆಯೊಂದಿತ್ತು. ಅಲ್ಲಿ 1990ರ ದಶಕದಲ್ಲಿ ಟೊಯೋಟಾ ಕೊರೊಲ್ಲಾ ಮತ್ತು ಜಿಯೋ ಪ್ರಿಝ್ಮ್ ಎಂಬ ಎರಡು ಹೆಸರಿನ ಕಾರುಗಳು ತಯಾರಾಗುತ್ತಿದ್ದವು. ಹೊರಗಿನ ರೂಪದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಯಾಂತ್ರಿಕವಾಗಿ ಅವೆರಡೂ ಒಂದೇ ಕಾರು. ಹಾಗಿದ್ದರೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊರೊಲ್ಲಾಕ್ಕೆ ಹೆಚ್ಚು ಬೆಲೆ ಸಿಗುತ್ತಿತ್ತು. ಆ ಹೆಚ್ಚುವರಿ ಹಣ ಲಾಂಛನಕ್ಕೆ ಕೊಟ್ಟದ್ದೇ ಹೊರತು ಲೋಹಕ್ಕೆ ಕೊಟ್ಟದ್ದಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ದೀರ್ಘ ಬಾಳಿಕೆಗೆ ಹೆಸರಾದ ಕಾರನ್ನು ಹುಡುಕಿ ಕೊಳ್ಳುವವನು ಸಾಮಾನ್ಯವಾಗಿ ಅದನ್ನು ಬಹುಕಾಲ ಇಟ್ಟುಕೊಳ್ಳುವ ಉದ್ದೇಶದವನೇ ಆಗಿರುವುದರಿಂದ ಸರ್ವಿಸ್ ತಪ್ಪಿಸುವುದಿಲ್ಲ. ಹೀಗೆ ಮಾಲೀಕರ ಶ್ರದ್ಧೆಯ ಫಲವೂ ಕಂಪನಿಯ ಖ್ಯಾತಿಯ ಲೆಕ್ಕಕ್ಕೇ ಜಮೆಯಾಗುತ್ತದೆ.

ಆದರೆ ವಿನ್ಯಾಸದ ದೋಷವನ್ನು ಯಾವ ಆರೈಕೆಯೂ ಸರಿಪಡಿಸಲಾರದು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಚೀಲ ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವಕ್ಕೆ ಸಿಕ್ಕಿ ಕಾಲಕ್ರಮದಲ್ಲಿ ಕೆಟ್ಟು, ಅಪಘಾತದ ವೇಳೆ ಲೋಹದ ಚೂರುಗಳು ಸಿಡಿಯುವಂತಾಯಿತು. ಅನೇಕ ಹೆಸರಾಂತ ಬ್ರ್ಯಾಂಡುಗಳ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಎಷ್ಟು ಸಲ ಆಯಿಲ್ ಬದಲಿಸಿದ್ದರೂ ಅದರಿಂದ ರಕ್ಷಣೆ ಸಿಗುತ್ತಿರಲಿಲ್ಲ. ಆದ್ದರಿಂದ ಕೊಳ್ಳುವಾಗ ಬ್ರ್ಯಾಂಡನ್ನು ಕೇಳುವ ಬದಲು ಇಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು, ಯಾವ ವರ್ಷದ ತಯಾರಿಕೆ ಎಂದು ಕೇಳಿ. ಒಂದೇ ಹೆಸರಿನ ಕಾರಿನಲ್ಲಿ ಮ್ಯಾನ್ಯುಯಲ್, ಸಿವಿಟಿ (ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್), ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಎಂದು ಬೇರೆ ಬೇರೆ ಗೇರ್‌ಬಾಕ್ಸ್‌ಗಳಿದ್ದರೆ ಅವುಗಳ ಬಾಳಿಕೆಯೂ ಬೇರೆ ಬೇರೆಯೇ. ಹೊಸ ಇಂಜಿನ್ ಬಂದ ಮೊದಲ ವರ್ಷವೇ ಕೊಳ್ಳುವ ಆತುರ ಬೇಡ. ಚಾಸಿ ನಂಬರ್ ಕೊಟ್ಟು, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಸಮೀಕ್ಷೆಗಳನ್ನೂ ಎಚ್ಚರದಿಂದ ಓದಬೇಕು, ಜೆ.ಡಿ. ಪವರ್ ಸಂಸ್ಥೆಯ ಪ್ರಸಿದ್ಧ ಬಾಳಿಕೆ ಸಮೀಕ್ಷೆ ವಿಚಾರಿಸುವುದು ಮೂರು ವರ್ಷದ ಕಾರುಗಳನ್ನು, ಮತ್ತು ಅದರಲ್ಲಿ ಟಚ್‌ಸ್ಕ್ರೀನಿನ ತೊಂದರೆಗಳೂ ಎಣಿಕೆಗೆ ಬರುತ್ತವೆ. ಹದಿನೈದನೆಯ ವರ್ಷದಲ್ಲಿ ಇಂಜಿನ್ ಹೇಗಿರುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಆರೈಕೆಯ ಶಕ್ತಿಗೆ ಅಮೆರಿಕದ ಶಾಲಾ ಶಿಕ್ಷಕ ಇರ್ವ್ ಗಾರ್ಡನ್ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಅವರು 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಪೂರೈಸಿತು. ಅದೇ ಮಾದರಿಯ ಕಾರುಗಳು ಹತ್ತಾರು ಸಾವಿರ ಮಾರಾಟವಾಗಿದ್ದವು. ಇಷ್ಟು ದೂರ ಬಂದದ್ದು ಅದೊಂದೇ. ಗಾರ್ಡನ್ ತಪ್ಪದೆ ಕೈಪಿಡಿಯನ್ನು ಅನುಸರಿಸಿದರು, ಆಯಿಲನ್ನು ಸುಮಾರು 3,000ದಿಂದ 3,500 ಮೈಲಿಗೊಮ್ಮೆ ಬದಲಿಸಿದರು, ಇಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದ್ದೂ ಉಂಟು. ಹೆದ್ದಾರಿಯ ಸಮವೇಗದ ಓಟವೂ ಅವರ ನೆರವಿಗೆ ಬಂತೆನ್ನುವುದನ್ನು ಮರೆಯಬಾರದು.

ಆರೈಕೆಯಲ್ಲಿ ಮೊದಲ ಸ್ಥಾನ ಇಂಜಿನ್ ಆಯಿಲಿನದು. ಆಯಿಲ್ ಘರ್ಷಣೆಯನ್ನು ತಗ್ಗಿಸುವುದಲ್ಲದೆ ಶಾಖವನ್ನು ಒಯ್ಯುತ್ತದೆ, ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುತ್ತದೆ, ಆಮ್ಲವನ್ನು ತಟಸ್ಥಗೊಳಿಸುತ್ತದೆ. ಈ ಗುಣಗಳನ್ನು ಕೊಡುವ ರಾಸಾಯನಿಕಗಳು ಸವೆದ ಮೇಲೆ ಆಯಿಲ್ ಗಟ್ಟಿಯಾಗಿ ಸಣ್ಣ ದಾರಿಗಳಲ್ಲಿ ಕೂರುತ್ತದೆ. ಒಂದೇ ಮಾದರಿಯ ಎರಡು ಇಂಜಿನ್‌ಗಳ ಮೇಲ್ಮುಚ್ಚಳ ತೆಗೆದಿದ್ದಾಗ ನಾನು ಪಕ್ಕಪಕ್ಕದಲ್ಲಿ ನೋಡಿದ್ದೇನೆ: ಒಂದರ ಒಳಭಾಗ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು, ಇನ್ನೊಂದರಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಸುತ್ತ ಟಾರಿನಂಥ ಕಪ್ಪು ಮಡ್ಡಿ ಬೆರಳಿನ ದಪ್ಪಕ್ಕೆ ಕೂತಿತ್ತು. ಎರಡೂ ಒಂದೇ ಬ್ರ್ಯಾಂಡಿನವು. ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದಿದ್ದರೆ, ಎರಡರಲ್ಲಿ ಮೊದಲು ಬಂದದ್ದನ್ನು ಪಾಲಿಸಬೇಕು. ದಿನವೂ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ತೇವಾಂಶ ಮತ್ತು ಇಂಧನ ಆಯಿಲಿನಲ್ಲೇ ಉಳಿಯುವುದರಿಂದ, ಅಂಥ ಬಳಕೆಗೆ ಕೈಪಿಡಿ ಸೂಚಿಸುವ ಕಡಿಮೆ ಅವಧಿಯನ್ನೇ ಹಿಡಿಯಿರಿ. ಕಡಿಮೆ ಓಡಿಸಿದ್ದೇನೆ ಎಂಬ ಸಮಾಧಾನ ಇಲ್ಲಿ ಮೋಸ ಮಾಡುತ್ತದೆ.

ತಿಂಗಳಿಗೊಮ್ಮೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡಿದರೆ ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾದ ಮಾತ್ರಕ್ಕೆ ಗಾಬರಿ ಬೇಡ. ಡೀಸೆಲ್ ಇಂಜಿನ್ನಿನಲ್ಲಿ ಅದು ಬೇಗ ಕಪ್ಪಾಗುವುದು ಸಹಜ. ಆದರೆ ಕಡ್ಡಿಯ ಮೇಲಿನ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಇಂಜಿನ್ ತಣಿಸುವ ದ್ರವವಾದ ಕೂಲಂಟ್ ಒಳಗೆ ಸೇರುತ್ತಿರಬಹುದಾದ್ದರಿಂದ, ಇಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಉಳಿದ ದ್ರವಗಳನ್ನು ಜನ ಮರೆಯುವುದೇ ಹೆಚ್ಚು. ಕೂಲಂಟಿನಲ್ಲಿರುವ ತುಕ್ಕು ತಡೆಯುವ ಅಂಶ ಬಣ್ಣ ಮಾಸುವ ಮೊದಲೇ ಮುಗಿದಿರಬಹುದು. ನಲ್ಲಿ ನೀರು ಸುರಿದು ಮಟ್ಟ ತುಂಬಿಸಿದರೆ ಅದರ ಲವಣಗಳು ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟುತ್ತವೆ. ಇಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆಗ ಅದು ಬೇಗ ಕುದಿಯುತ್ತದೆ, ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ತೇವ ಸೇರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಜಾಣತನ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಕಾರಿನ ಆಯುಷ್ಯವಿಡೀ ಬದಲಿಸಬೇಕಿಲ್ಲ ಎಂದು ಕೆಲವು ಕಾರು ಕಂಪನಿಗಳು ಹೇಳಿದರೂ, ಅಂಥ ಹಲವು ಗೇರ್‌ಬಾಕ್ಸ್‌ಗಳನ್ನು ತಯಾರಿಸುವ ಝಡ್‌ಎಫ್ ಸಂಸ್ಥೆ 80,000ದಿಂದ 1,20,000 ಕಿಲೋಮೀಟರಿನ ನಡುವೆ ಅಥವಾ ಎಂಟು ವರ್ಷಕ್ಕೆ ಬದಲಿಸಲು ಸೂಚಿಸುತ್ತದೆ. ನಾನಾದರೆ ಗೇರ್‌ಬಾಕ್ಸ್ ತಯಾರಿಸಿದವರ ಮಾತನ್ನೇ ನಂಬುತ್ತೇನೆ.

ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ರಬ್ಬರ್ ಪಟ್ಟಿ ಇರುವ ಇಂಜಿನ್ನಾದರೆ ಅದನ್ನು ಬದಲಿಸುವ ಅವಧಿಯನ್ನು ಒಂದು ದಿನವೂ ಮೀರಬೇಡಿ. ಬೆಲ್ಟ್ ತುಂಡಾದರೆ ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ನುಗಳು ತೆರೆದ ವಾಲ್ವ್‌ಗಳಿಗೆ ಬಡಿದು ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ರಬ್ಬರ್ ಕಿಲೋಮೀಟರಿಗಿಂತ ವರ್ಷಗಳಿಂದ ಸಾಯುವ ವಸ್ತು. ಹಾಗಾಗಿ ಟೈರಿನ ವಯಸ್ಸನ್ನೂ ನೋಡಿ: ಅದರ ಪಕ್ಕದಲ್ಲಿ 3521 ಎಂದಿದ್ದರೆ ಅದು 2021ರ 35ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ಇಂಜಿನ್ ಬದಲಿಸಬಹುದು, ತುಕ್ಕು ತಿಂದ ಬಾಡಿಯನ್ನು ಉಳಿಸುವುದು ಬಲು ಕಷ್ಟ. ಬಾಗಿಲಿನ ತಳದ ಅಂಚಿನಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿದರೆ ನೀರು ಒಳಗೇ ನಿಂತು, ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ತಗಡು ಒಳಗಿನಿಂದ ಲಡ್ಡಾಗಿರುತ್ತದೆ. ಕಾರು ತೊಳೆದ ದಿನ ಒಂದು ಕಡ್ಡಿಯಿಂದ ಅವುಗಳನ್ನು ಬಿಡಿಸಿ. ಕಡಲ ತೀರದಲ್ಲಿ ಅಥವಾ ಹಿಮ ಕರಗಿಸಲು ಉಪ್ಪು ಹಾಕಿದ ರಸ್ತೆಯಲ್ಲಿ ಓಡಿಸಿದ್ದರೆ ಕಾರಿನ ಅಡಿಭಾಗವನ್ನೂ ತೊಳೆಯಬೇಕು.

ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ಹಾಕಿದ ಆಯಿಲಿನ ದರ್ಜೆ. ಬಿಲ್ಲುಗಳನ್ನು ಅದರಲ್ಲೇ ಅಂಟಿಸಿ. ನೀವೇ ಹಳೆಯ ಕಾರು ಕೊಳ್ಳಲು ಹೋದಾಗಲೂ ಮೊದಲು ಕೇಳಬೇಕಾದದ್ದು ಇಂಥ ಪುಸ್ತಕವನ್ನೇ. ದಾಖಲೆಯಿಲ್ಲದ ಹೆಸರಾಂತ ಕಾರು ಮತ್ತು ಪೂರ್ಣ ದಾಖಲೆಯಿರುವ ಸಾಧಾರಣ ಕಾರು ಎದುರಿಗಿದ್ದರೆ ನಾನು ಎರಡನೆಯದನ್ನು ಆರಿಸುತ್ತೇನೆ, ಅದೂ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ, ಚಾಲೂ ಮಾಡಿದ ಮೊದಲ ಹತ್ತು ಸೆಕೆಂಡು ಕಿವಿಗೊಟ್ಟು ಕೇಳಿದ ಮೇಲೆ.