ಜ್ವಾಲಾಮುಖಿ ಬೇಡ, ಒಂದು ಹಿಡಿ ಹೆಸರುಕಾಳು ಸಾಕು: ಮಕ್ಕಳ ವಿಜ್ಞಾನ ಪ್ರಾಜೆಕ್ಟ್ ಮಾಡುವ ಬಗೆ

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರಳಾಗಿ ಹೋದಲ್ಲೆಲ್ಲ ಒಂದು ಥರ್ಮಾಕೋಲ್ ಜ್ವಾಲಾಮುಖಿ ಇದ್ದೇ ಇರುತ್ತದೆ. ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿಯುತ್ತಾರೆ, ಕೆಂಪು ನೊರೆ ಉಕ್ಕುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. 'ಇದರಿಂದ ಏನು ತಿಳ್ಕೊಬೇಕು ಅಂತ ಹೊರಟೆ ಪುಟ್ಟಾ?' ಎಂದು ಕೇಳಿದರೆ ಮಗು ಅಪ್ಪನ ಮುಖ ನೋಡುತ್ತದೆ. ಮಗುವಿನ ತಪ್ಪೇನೂ ಇಲ್ಲ. ಪ್ರಶ್ನೆಯೇ ಇಲ್ಲದೆ ಪ್ರಾಜೆಕ್ಟ್ ಮಾಡಿಸಿದವರು ನಾವು.

ಆರು, ಏಳು, ಎಂಟನೇ ತರಗತಿಯ ಮಕ್ಕಳು ನಿಜವಾದ ಅನ್ವೇಷಣೆ ಮಾಡಬಲ್ಲರು. ಅದಕ್ಕೆ ದುಡ್ಡು ಬೇಡ, ಅಂಗಡಿಯ ರೆಡಿಮೇಡ್ ಕಿಟ್ ಬೇಡ. ಆ ಕಿಟ್‌ಗಳನ್ನಂತೂ ಕೊಳ್ಳಲೇಬೇಡಿ. ಉತ್ತರ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ, ಮಗುವಿಗೆ ಹುಡುಕಲು ಏನೂ ಉಳಿದಿರುವುದಿಲ್ಲ.

ಮೊದಲು ಪ್ರಶ್ನೆ

ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಸಿ. ಆ ಸಾಲು ನೋಡಿದರೆ ಯಾವ ಬಗೆಯ ಅನ್ವೇಷಣೆ ಮಾಡಬೇಕು ಎಂದು ಗೊತ್ತಾಗುತ್ತದೆ. ಶಾಲೆಯ ಮಟ್ಟಿಗೆ ಮೂರು ಬಗೆ ಸಾಕು.

'ಹೇಗಿದೆ, ಎಷ್ಟಿದೆ, ಯಾವಾಗ ಆಗುತ್ತದೆ' ಎಂಬ ಪ್ರಶ್ನೆಯಾದರೆ ಗಮನಿಸಿ ಬರೆಯುವುದು. 'ಇದಕ್ಕೂ ಅದಕ್ಕೂ ವ್ಯತ್ಯಾಸ ಇದೆಯಾ' ಎಂದಾದರೆ ಹೋಲಿಸುವುದು. 'ನಾನು ಇದನ್ನು ಬದಲಿಸಿದರೆ ಅದು ಏನಾಗುತ್ತದೆ' ಎಂದಾದರೆ ಮಾತ್ರ ಪ್ರಯೋಗ. ನಮ್ಮಲ್ಲಿ ಮೂರಕ್ಕೂ 'ಪ್ರಯೋಗ' ಎಂದೇ ಹೇಳಿಬಿಡುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಗಮನಿಸಿ ಬರೆಯುವುದು

ಇದು ಸುಲಭ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ನಿಮ್ಮ ಬೀದಿಯ ಹೊಂಗೆ ಯಾವ ವಾರ ಚಿಗುರಿತು, ಯಾವ ವಾರ ಹೂ ಬಿಟ್ಟಿತು? ಒಂದು ಮರ ಆರಿಸಿ, ವಾರಕ್ಕೊಮ್ಮೆ ಅದೇ ದಿನ ನೋಡಿ, ತಾರೀಕಿನ ಜೊತೆ ಬರೆಯಿರಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಎಷ್ಟೋ ಶಾಲೆಗಳ ಮಕ್ಕಳು ಇದನ್ನೇ ಮಾಡುತ್ತಿದ್ದಾರೆ. ಒಂದೇ ಒಂದು ಎಚ್ಚರಿಕೆ: 'ತುಂಬಾ ಎಲೆ', 'ಸ್ವಲ್ಪ ಹೂ' ಎಂದು ಬರೆಯಬೇಡಿ. ಒಂದು ಕೊಂಬೆಗೆ ದಾರ ಕಟ್ಟಿ, ಅದರಲ್ಲಿರುವ ಹೂಗೊಂಚಲನ್ನು ಎಣಿಸಿ.

ಹೋಲಿಸುವುದು

ರಸ್ತೆ ಬದಿಯ ಹೊಂಗೆ ಎಲೆಯ ಮೇಲೆ ಜಾಸ್ತಿ ದೂಳಿದೆಯಾ, ಶಾಲೆಯ ಹಿಂದಿನ ಹೊಂಗೆ ಎಲೆಯ ಮೇಲಾ? ಎಲೆಗೆ ಸೆಲ್ಲೋಟೇಪ್ ಒತ್ತಿ, ಕಿತ್ತು, ಬಿಳಿ ಹಾಳೆಗೆ ಅಂಟಿಸಿ. ಟೇಪಿನ ಮೇಲೆ ಬೂದು ಬಣ್ಣದ ಪದರದಲ್ಲಿ ಎಲೆಯ ನರಗಳೂ ಮೂಡಿರುತ್ತವೆ. ಮಕ್ಕಳು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ ಮೈಮರೆಯುತ್ತಾರೆ.

ಎರಡೂ ಕಡೆ ಒಂದೇ ಎತ್ತರದ ಬಲಿತ ಎಲೆಗಳೇ ಇರಲಿ, ಒಂದೇ ದಿನ ತೆಗೆಯಿರಿ. ಒಂದೊಂದು ಮರದಿಂದ ಇಪ್ಪತ್ತು ಎಲೆಯಾದರೂ ಬೇಕು. ಮಳೆ ಬಂದ ಮರುದಿನ ಹೋಗಬೇಡಿ, ದೂಳು ತೊಳೆದುಹೋಗಿರುತ್ತದೆ.

ವ್ಯತ್ಯಾಸ ಕಂಡರೆ 'ವ್ಯತ್ಯಾಸ ಇದೆ' ಎಂದಷ್ಟೇ ಬರೆಯಬೇಕು. 'ಬಸ್ಸುಗಳಿಂದಲೇ ಹೀಗಾಯಿತು' ಎನ್ನುವ ಹಾಗಿಲ್ಲ. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿರಬಹುದು, ಗಾಳಿ ಅದೇ ಕಡೆ ಬೀಸುತ್ತಿರಬಹುದು. ನಾವು ಏನನ್ನೂ ಬದಲಿಸಿ ನೋಡಿಲ್ಲ, ಅಲ್ವಾ?

ಪ್ರಯೋಗ: ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಹೋಗೋಣ.

ಗಂಗಾವತಿ, ಸಿಂಧನೂರು ಕಡೆ ತುಂಗಭದ್ರಾ ನಾಲೆಯ ಬಯಲಿನಲ್ಲಿ ಸವಳು ಭೂಮಿಯ ಕಾಟವಿದೆ. ಮಣ್ಣಿನಲ್ಲಿ ಉಪ್ಪು ಕೂತು ಬಿತ್ತಿದ್ದು ಸರಿಯಾಗಿ ಏಳುವುದಿಲ್ಲ. ಅದರಿಂದಲೇ ಒಂದು ಪ್ರಶ್ನೆ ತೆಗೆದುಕೊಳ್ಳಿ: ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಹೆಸರುಕಾಳಿನ ಮೊಳಕೆ ಕಡಿಮೆಯಾಗುತ್ತದೆಯೇ?

ಕಳೆದ ಬಾರಿ ಒಬ್ಬ ಹುಡುಗ ಇದನ್ನೇ ಮಾಡಿದ್ದ. ಉಪ್ಪುನೀರಿನ ತಟ್ಟೆ ಕಿಟಕಿಯ ಬಿಸಿಲಿನಲ್ಲಿತ್ತು, ಸಿಹಿನೀರಿನದು ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯ ಕೆಳಗಿತ್ತು. ಮೊಳಕೆ ಬಾರದ್ದು ಉಪ್ಪಿನಿಂದಲಾ, ಬಿಸಿಲಿನಿಂದಲಾ, ಒಣಗಿದ್ದರಿಂದಲಾ? ಯಾರೂ ಹೇಳುವಂತಿರಲಿಲ್ಲ. ಐದು ದಿನದ ಶ್ರಮ ಹಾಳಾಯಿತು ಎಂದು ನನಗೆ ನಿಜವಾಗಿ ಸಂಕಟವಾಯಿತು.

ಬದಲಿಸುವುದು ಒಂದೇ ಒಂದು. ಇಲ್ಲಿ ಅದು ಉಪ್ಪು. ಉಳಿದದ್ದೆಲ್ಲ ಒಂದೇ ಥರ ಇರಬೇಕು. ಮಗುವಿನ ಕೈಯಲ್ಲಿ ಹಾಳೆಯ ಮಧ್ಯೆ ಗೆರೆ ಎಳೆಸಿ. ಎಡಕ್ಕೆ 'ಬದಲಿಸುತ್ತೇನೆ', ಬಲಕ್ಕೆ 'ಬದಲಿಸುವುದಿಲ್ಲ'. ಎಡಗಡೆ ಎರಡು ಪದ ಬಂದರೆ ಅಲ್ಲೇ ನಿಲ್ಲಿಸಿ, ಮತ್ತೆ ಯೋಚಿಸಿ. ಬಲಗಡೆ ಮಾತ್ರ ಉದ್ದವಾಗುತ್ತಾ ಹೋಗಲಿ: ಒಂದೇ ಪೊಟ್ಟಣದ ಕಾಳು, ಒಂದೇ ಅಳತೆಯ ತಟ್ಟೆ, ಅಷ್ಟೇ ನೀರು, ಅದೇ ಬಟ್ಟೆಯ ತುಂಡು, ಒಂದೇ ಜಾಗ, ನೋಡುವ ಹೊತ್ತೂ ಒಂದೇ.

1747ರಲ್ಲಿ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಕೂಡ ಹೀಗೇ ಮಾಡಿದ. ವಸಡು ಕೊಳೆಯುವ ಸ್ಕರ್ವಿ ರೋಗ ಬಂದಿದ್ದ 12 ನಾವಿಕರನ್ನು ಒಂದೇ ಜಾಗದಲ್ಲಿ ಮಲಗಿಸಿ, ಒಂದೇ ಊಟ ಕೊಟ್ಟ. ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಮದ್ದು ಮಾತ್ರ ಬೇರೆ ಬೇರೆ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಉಳಿದದ್ದೆಲ್ಲ ಒಂದೇ ಆಗಿದ್ದರಿಂದ ಹಣ್ಣಿನ ಕಡೆ ಬೆರಳು ತೋರಿಸಲು ಅವನಿಗೆ ಸಾಧ್ಯವಾಯಿತು. ಗುಂಪಿಗೆ ಇಬ್ಬರು ಅನ್ನುವುದು ಮಾತ್ರ ತೀರಾ ಕಡಿಮೆ. ನಮಗೆ ಕಾಳು ಧಾರಾಳವಾಗಿ ಸಿಗುತ್ತದೆ, ತಟ್ಟೆಗೆ 50 ಇಡೋಣ.

ಇನ್ನು ಉಪ್ಪುನೀರು. ಲೀಟರಿಗೆ 2 ಗ್ರಾಂ, 5 ಗ್ರಾಂ, 10 ಗ್ರಾಂ ಉಪ್ಪಿರುವ ಮೂರು ನೀರು ಬೇಕು. ಅಡುಗೆಮನೆಯ ಅಗ್ಗದ ಡಿಜಿಟಲ್ ತಕ್ಕಡಿಯಲ್ಲಿ 2 ಗ್ರಾಂ ತೂಗಲು ಹೋಗಬೇಡಿ. ಅದು 2 ಎಂದು ತೋರಿಸುವಾಗ ಒಂದೂವರೆಯೋ ಎರಡೂವರೆಯೋ ಇರಬಹುದು. ಬದಲಿಗೆ 20 ಗ್ರಾಂ ತೂಗಿ, ಕರಗಿಸಿ, ಒಟ್ಟು 2 ಲೀಟರ್ ಆಗುವಷ್ಟು ನೀರು ಸೇರಿಸಿ. ಇದು ಲೀಟರಿಗೆ 10 ಗ್ರಾಂನ ನೀರು. ಇದರಲ್ಲಿ 250 ಮಿ.ಲೀ.ಗೆ ಅಷ್ಟೇ ಸಾದಾ ನೀರು ಬೆರೆಸಿದರೆ 5 ಗ್ರಾಂನದು. 100 ಮಿ.ಲೀ.ಗೆ 400 ಮಿ.ಲೀ. ಸಾದಾ ನೀರು ಬೆರೆಸಿದರೆ 2 ಗ್ರಾಂನದು. ಎಂಟನೇ ತರಗತಿಯವರು ಈ ಲೆಕ್ಕ ತಾವೇ ಮಾಡಲಿ, ನೀವು ಹೇಳಿಕೊಡಬೇಡಿ.

ಬೋರ್‌ವೆಲ್ ನೀರು ಬೇಡ, ಅದರಲ್ಲಿ ಮೊದಲೇ ಲವಣ ಇರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಲವಣ ತೆಗೆಯುವ ಆರ್‌ಒ ಫಿಲ್ಟರಿನ ನೀರು.

ನಾಲ್ಕನೇ ತಟ್ಟೆಗೆ ಉಪ್ಪಿಲ್ಲದ ನೀರು. ಇದನ್ನು ಬಿಡುವವರೇ ಜಾಸ್ತಿ. ಕಾಳು ಹಳೆಯದಾಗಿದ್ದರೆ ಸಾದಾ ನೀರಿನಲ್ಲೂ 50ರಲ್ಲಿ 30 ಮಾತ್ರ ಮೊಳೆಯಬಹುದು. ಈ ತಟ್ಟೆ ಇಲ್ಲದಿದ್ದರೆ ಆ ತಪ್ಪೂ ಉಪ್ಪಿನ ತಲೆಗೇ ಬರುತ್ತದೆ. ಅಂದ ಹಾಗೆ, ಒಂದು ಮನೆಯವರು ಪಾಪ ಹೆಸರುಬೇಳೆ ನೆನೆಹಾಕಿ ಮೂರು ದಿನ ಕಾದಿದ್ದರು. ಒಡೆದ ಬೇಳೆ ಮೊಳೆಯುವುದಿಲ್ಲ, ಹಸಿರು ಸಿಪ್ಪೆಯ ಇಡೀ ಕಾಳೇ ಬೇಕು.

ತಟ್ಟೆಗೆ ಹಳೆಯ ಹತ್ತಿ ಬಟ್ಟೆಯ ತುಂಡು ಹಾಸಿ, 50 ಕಾಳು ಒಂದಕ್ಕೊಂದು ತಾಗದಂತೆ ಹರಡಿ, ಆಯಾ ನೀರನ್ನು ಅಳೆದು ಹಾಕಿ. ಬಟ್ಟೆ ಪೂರ್ತಿ ನೆನೆಯಬೇಕು, ಕಾಳು ಮುಳುಗಬಾರದು. ಇನ್ನೊಂದು ತಟ್ಟೆ ಕವುಚಿ ಮುಚ್ಚಿ. ಹೆಸರು ಬರೆದ ಚೀಟಿಯನ್ನು ತಟ್ಟೆಗೆ ಅಂಟಿಸಿ, ಮುಚ್ಚಳಕ್ಕಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ.

ಈಗ ಬಹಳ ಮುಖ್ಯವಾದ ಮಾತು. ಎರಡನೇ ದಿನ ಬಟ್ಟೆ ಒಣಗಿದಂತೆ ಕಂಡರೆ ಉಪ್ಪುನೀರು ಸುರಿಯಬೇಡಿ. ಆರಿಹೋಗಿರುವುದು ನೀರು ಮಾತ್ರ, ಉಪ್ಪು ತಟ್ಟೆಯಲ್ಲೇ ಇದೆ. ಮತ್ತೆ ಉಪ್ಪುನೀರು ಹಾಕಿದರೆ 5 ಗ್ರಾಂನ ತಟ್ಟೆ ನಿಮಗೆ ಗೊತ್ತಿಲ್ಲದೆ 7, 8 ಆಗಿಬಿಡುತ್ತದೆ. ನಾಲ್ಕೂ ತಟ್ಟೆಗೆ ಸಾದಾ ನೀರನ್ನೇ ಒಂದೇ ಅಳತೆಯಲ್ಲಿ, ಚಮಚದಲ್ಲಿ ಹಾಕಿ. ಸವಳು ಭೂಮಿಯಲ್ಲಿ ಆಗುವುದೂ ಇದೇ: ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಇದನ್ನು ಮಗುವಿಗೆ ತಟ್ಟೆ ತೋರಿಸಿಯೇ ಹೇಳಿ.

ಮೊಳಕೆ ಅಂದರೆ ಏನು ಎಂದು ಮೊದಲ ದಿನವೇ ತೀರ್ಮಾನಿಸಿ. ಸಿಪ್ಪೆ ಬಿರಿದರೆ ಮೊಳಕೆಯಾ, ಬಿಳಿ ಬೇರು ಹೊರಬಂದರೆ ಮೊಳಕೆಯಾ? ನಾನಂತೂ ಬೇರು 2 ಮಿಲಿಮೀಟರ್ ದಾಟಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಎಣಿಸುವಾಗ ಯೋಚಿಸಿದರೆ ಕೈ ತಾನಾಗಿ ನಮಗೆ ಬೇಕಾದ ಕಡೆ ವಾಲುತ್ತದೆ. ಎಣಿಸುವವರಿಗೆ ಯಾವ ತಟ್ಟೆ ಯಾವುದೆಂದು ತಿಳಿಸದಿದ್ದರೆ ಇನ್ನೂ ಚೆನ್ನ. ಚೀಟಿಯ ಮೇಲೆ ಅ, ಆ, ಇ, ಈ ಎಂದಷ್ಟೇ ಬರೆದು, ತಮ್ಮನನ್ನೋ ಅಜ್ಜಿಯನ್ನೋ ಎಣಿಸಲು ಕೂರಿಸಿ.

24, 48, 72 ಗಂಟೆಗೆ ಎಣಿಸಿ. ಇಡೀ ಪ್ರಯೋಗವನ್ನು ಮೂರು ಸಲ ಮಾಡಿ. ಒಂದೇ ಸಲ ಮಾಡಿ ಮುಗಿಸಬೇಡಿ, ವಾರ ಜಾಸ್ತಿಯಾದರೂ ಪರವಾಗಿಲ್ಲ.

ಬರೆಯುವುದು

ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್ ಬೇಡ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಲಿ. ನೋಟ್‌ಬುಕ್ಕಿನಲ್ಲಿ '41' ಅಳಿಸಿ '48' ಮಾಡಿದ್ದನ್ನು ನಾನು ನೋಡಿದ್ದೇನೆ. ಹಾಳೆಯ ಮೇಲೆ ರಬ್ಬರಿನ ಬೂದು ಗುರುತು ಹಾಗೇ ಇತ್ತು. ಹುಡುಗಿ ಮೆಲ್ಲಗೆ ಹೇಳಿದಳು: 'ಸಾದಾ ನೀರಲ್ಲಿ ಜಾಸ್ತಿ ಬರ್ಬೇಕಿತ್ತು ಮಿಸ್, ಅದಕ್ಕೆ.' 41 ಬಂದಿದ್ದರೆ 41ಕ್ಕೇ ನನ್ನ ಪೂರ್ತಿ ಅಂಕ ಇತ್ತು ಎಂದು ಅವಳಿಗೆ ಹೇಳಿದೆ. ಉಳಿದ ಒಂಬತ್ತು ಕಾಳು ಏನಾದವು ಎಂದು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದೆವು. ಅವಳೇ ನೆನಪು ಮಾಡಿಕೊಂಡಳು: ತಟ್ಟೆಯ ಒಂದು ಅಂಚಿನಲ್ಲಿ ಬಟ್ಟೆ ಮಡಚಿತ್ತು, ಅಲ್ಲಿದ್ದ ಕಾಳು ನೆನೆದೇ ಇರಲಿಲ್ಲ.

ಚಾರ್ಟ್ ಅಂದವಾಗಿರಲಿ, ಬೇಡ ಅನ್ನುವುದಿಲ್ಲ. ಆದರೆ ಮೇಜಿನ ಮೇಲೆ ಚಾರ್ಟಿನ ಮುಂದೆ ಆ ನೋಟ್‌ಬುಕ್ ತೆರೆದಿಡಿ. ಅದರಲ್ಲಿ ನೀರಿನ ಕಲೆ ಇದ್ದರೂ ಸರಿ, ಹೊಸದಾಗಿ ನಕಲು ಮಾಡಿಸಬೇಡಿ.